ಹೊಳಿ ದಂಡಿಯ ಜಾಲಿ ಸಾಲು: ಬಿಸಿಲ ನಾಡಿನಲ್ಲಿ ಹಕ್ಕಿ ನೋಡುವ ಬಗೆ

ವಿಜಯಪುರ ಜಿಲ್ಲೆ ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು ಗೋಳಗುಮ್ಮಟ, ಬಿಸಿಲು, ಜೋಳದ ರೊಟ್ಟಿ. "ಹಕ್ಕಿ ನೋಡೋಕೆ ನಿಮ್ಮೂರಿಗೆ ಯಾಕ್ರೋ ಹೋಗ್ತೀರಾ? ದಾಂಡೇಲಿಗೆ ಹೋಗಿ, ರಂಗನತಿಟ್ಟಿಗೆ ಹೋಗಿ" ಅಂತ ಕ್ಲಾಸ್‌ಮೇಟ್‌ಗಳು ಹೇಳ್ತಾನೇ ಇರ್ತಾರೆ. ನಾವು ನಾಲ್ವರು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯವರು, ತಾಲ್ಲೂಕಿಗೆ ಒಬ್ಬರಂತೆ. ರಜೆಗೆ ಊರಿಗೆ ಹೋದಾಗಲೆಲ್ಲ ಒಬ್ಬರ ಊರಿಗೆ ಇನ್ನೊಬ್ಬರು ಹೋಗಿ, ಹೊಳೆದಂಡೆ ಹಿಡಿದು ನಡೆದು, ಹಕ್ಕಿ ನೋಡುವ ಚಟ ಹತ್ತಿಸಿಕೊಂಡಿದ್ದೇವೆ.

ಈ ಲೇಖನದಲ್ಲಿ ಹೇಳಬೇಕಾಗಿರೋದು ಎರಡು ವಿಷಯ. ಕಾಡೇ ಇಲ್ಲದ ನಾಡಿನಲ್ಲಿ ಹಕ್ಕಿ ಎಲ್ಲಿರುತ್ತೆ, ಅದನ್ನು ಹೇಗೆ ನೋಡಬೇಕು ಅನ್ನೋದು ಒಂದು. ನೋಡಿದ್ದನ್ನು ಬರೆದಿಡೋದು ಎಂಜಿನಿಯರಿಂಗ್ ಓದುವ ನಮಗೇ ಯಾಕೆ ಮುಖ್ಯ ಅನ್ನೋದು ಇನ್ನೊಂದು.

ಕಾಡಿಲ್ಲದ ಕಡೆ ಕಾಡಿನ ಕೆಲಸ ಮಾಡೋದು ಯಾರು?

ರಾಜ್ಯದಲ್ಲಿ ಅತಿ ಕಡಿಮೆ ಕಾಡಿರುವ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಕಣ್ಣು ಹಾಯಿಸಿದಷ್ಟು ದೂರ ಎರೆಹೊಲ. ಜೋಳ, ತೊಗರಿ, ಕಡಲೆ, ನೀರಿದ್ದಲ್ಲಿ ಕಬ್ಬು. ಹೊಲದ ಒಡ್ಡಿನ ಮೇಲೆ ಅಲ್ಲೊಂದು ಬೇವು, ಇಲ್ಲೊಂದು ಬನ್ನಿ. (ನಮ್ಮ ಕಡೆ ದೊಡ್ಡ ಮರಕ್ಕೂ 'ಗಿಡ' ಅಂತಲೇ ಅನ್ನೋದು. ಮರ ಅಂದ್ರೆ ಜೊಳ್ಳು ಹಾರಿಸುವ ಮರ ನೆನಪಾಗುತ್ತೆ.)

ಆದರೆ ಮ್ಯಾಪ್ ತೆಗೆದು ನೋಡಿ. ಜಿಲ್ಲೆಯ ಉತ್ತರದ ಅಂಚಿಗೆ ಭೀಮಾ, ದಕ್ಷಿಣದ ಅಂಚಿಗೆ ಕೃಷ್ಣಾ, ನಡುವೆ ಡೋಣಿ. ಇಂಡಿ, ಸಿಂದಗಿ ಭೀಮೆಯ ಕಡೆ. ಬಸವನ ಬಾಗೇವಾಡಿ, ಮುದ್ದೇಬಿಹಾಳ ಕೃಷ್ಣೆಯ ಕಡೆ. ಡೋಣಿ ಮಹಾರಾಷ್ಟ್ರದ ಜತ್ತ ಕಡೆಯಿಂದ ಬಂದು ನಮ್ಮ ಎರೆಭೂಮಿ ದಾಟಿ ಕೃಷ್ಣೆಗೆ ಸೇರುತ್ತದೆ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಅನ್ನೋ ಮಾತು ನಮ್ಮ ಅಜ್ಜಿಯರ ಬಾಯಲ್ಲಿ ಇನ್ನೂ ಇದೆ.

ಈ ಹೊಳೆಗಳ ದಂಡೆಯಲ್ಲಿ, ಉಳುಮೆಗೆ ಬಾರದ ಇಳಿಜಾರಿನಲ್ಲಿ, ಕರಿಜಾಲಿ ತಾನೇ ಬೆಳೆದುಕೊಂಡಿರುತ್ತೆ. ಜಾಲಿಗೆ ಎರೆಮಣ್ಣು ಬಿರುಕು ಬಿಟ್ಟರೂ ನಡೆಯುತ್ತೆ, ಮಳೆಗಾಲದಲ್ಲಿ ಬುಡ ನೀರಲ್ಲಿ ನಿಂತರೂ ನಡೆಯುತ್ತೆ. ಕಾಯಿ ತಿಂದ ಆಡು ಕುರಿಗಳೇ ಬೀಜ ಹಂಚುತ್ತವೆ. ಕೂರಿಗೆ, ಕುಂಟೆ, ಬಂಡಿ ಗಾಲಿ ಎಲ್ಲಕ್ಕೂ ಜಾಲಿ ಕಟ್ಟಿಗೆಯೇ ಬೇಕಾಗಿತ್ತು, ಹಾಗಾಗಿ ಹಿಂದಿನವರು ಇದನ್ನು ಪೂರ್ತಿ ಕಡಿಯುತ್ತಿರಲಿಲ್ಲ. ಜಾಲಿಯ ಜೊತೆಗೆ ಹೊಂಗೆ, ಹುಣಸೆ, ಅತ್ತಿ, ಲಕ್ಕಿ ಪೊದೆ. ಅಗಲ ಕೆಲವು ಕಡೆ 20 ಮೀಟರ್ ಇರಬಹುದು, ಕೆಲವು ಕಡೆ 100. ಉದ್ದ ಮಾತ್ರ ಹೊಳೆ ಹರಿದಷ್ಟೂ.

ದಟ್ಟ ಕಾಡಿರುವ ಕಡೆ ಹಕ್ಕಿ ಎಲ್ಲಿ ಬೇಕಾದರೂ ಇರಬಹುದು. ನಮ್ಮಲ್ಲಿ ಗೂಡಿಗೆ, ನೆರಳಿಗೆ, ರಾತ್ರಿ ತಂಗೋಕೆ ಈ ಒಂದು ಪಟ್ಟಿಯೇ ಗತಿ. ಸುತ್ತ ಹತ್ತಾರು ಕಿಲೋಮೀಟರ್ ಹೊಲದಲ್ಲಿ ಮೇಯುವ ಹಕ್ಕಿಗಳೆಲ್ಲ ಸಂಜೆಗೆ ಇಲ್ಲಿಗೇ ಬರಬೇಕು. ಹಾಗಾಗಿ ಹೊಸದಾಗಿ ಹಕ್ಕಿ ನೋಡೋಕೆ ಕಲಿಯುವವರಿಗೆ ಮಲೆನಾಡಿಗಿಂತ ನಮ್ಮ ಹೊಳೆದಂಡೆ ಸುಲಭ. ಅಲ್ಲಿ ಎಲೆಗಳ ಮಧ್ಯೆ ಬರೀ ಸದ್ದು ಕೇಳಿಸುತ್ತೆ. ಇಲ್ಲಿ ಜಾಲಿಯ ಸಣ್ಣ ಎಲೆ ಏನನ್ನೂ ಪೂರ್ತಿ ಮುಚ್ಚಿಡಲ್ಲ.

ಹೊಳೆಯ ಕ್ರಾಸ್ ಸೆಕ್ಷನ್

ಸಿವಿಲ್‌ನವರು ಸರ್ವೇಯಿಂಗ್‌ನಲ್ಲಿ ನದಿಯ ಅಡ್ಡ ಕೊಯ್ತ ಬಿಡಿಸ್ತಾರಲ್ಲ, ಹಾಗೇ ನಾವೂ ಒಂದು ಗೆರೆ ಎಳೆದುಕೊಳ್ಳೋಣ. ನೀರಿನಿಂದ ಶುರು ಮಾಡಿ ಹೊಲದವರೆಗೆ ಐದು ವಲಯ. ಯಾವ ವಲಯದಲ್ಲಿ ನಿಂತಿದ್ದೇವೆ ಅಂತ ಗೊತ್ತಾದರೆ ಹಕ್ಕಿ ಗುರುತಿಸುವ ಕೆಲಸ ಅರ್ಧ ಮುಗಿದ ಹಾಗೆ.

ಮೊದಲನೆಯದು ಆಳ ನೀರು. ಇಲ್ಲಿ ಮುಳುಗಿ ಮೀನು ಹಿಡಿಯುವವರದ್ದೇ ಕಾರುಬಾರು. ನೀರುಕಾಗೆ ಮುಳುಗಿ ಎದ್ದು, ಬಂಡೆಯ ಮೇಲೋ ನೀರಲ್ಲಿ ನಿಂತು ಒಣಗಿದ ಜಾಲಿಯ ಮೇಲೋ ಕೂತು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತೆ. ಹಾವಕ್ಕಿ ಈಜುವಾಗ ಕತ್ತು ಮಾತ್ರ ಮೇಲೆ, ಥೇಟ್ ಹಾವಿನ ಹಾಗೆ. ಕಪ್ಪು ಬಿಳಿ ಮಿಂಚುಳ್ಳಿ ಗಾಳಿಯಲ್ಲಿ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಂತು, ನೆಟ್ಟಗೆ ಕೆಳಗೆ ಬೀಳುತ್ತೆ. ಡ್ರೋನ್ ಹೋವರ್ ಮಾಡೋದನ್ನು ನೋಡಿ ಖುಷಿಪಡುವವರು ಇದನ್ನು ಒಂದ್ಸಲ ನೋಡಬೇಕು.

ಎರಡನೆಯದು ಮೊಣಕಾಲು ನೀರು ಮತ್ತು ಕೆಸರು. ಉದ್ದ ಕಾಲಿನವರ ಜಾಗ. ಇಲ್ಲಿ ಕಾಲಿನ ಉದ್ದ ಮತ್ತು ಕೊಕ್ಕಿನ ಆಕಾರ ನೋಡಿದರೆ ಸಾಕು, ಯಾರು ಎಷ್ಟು ಆಳದಲ್ಲಿ ಏನು ತಿಂತಾರೆ ಅಂತ ಹೇಳಬಹುದು. ಗುಲಾಬಿ ಕಾಲಿನ ಮೆಟ್ಟುಗಾಲು ಹಕ್ಕಿ ಸ್ವಲ್ಪ ಆಳದಲ್ಲಿ, ಗದ್ದೆಗೊರವಗಳು ಅಂಚಿನಲ್ಲಿ, ಸಿಪಿಲೆ ಬಾಲ ಕುಣಿಸುತ್ತಾ ಒದ್ದೆ ಮಣ್ಣಿನ ಮೇಲೆ. ಬಾಯ್ಕಳಕ ಕೊಕ್ಕರೆಯ ಕೊಕ್ಕು ಮುಚ್ಚಿದರೂ ನಡುವೆ ಸಂದಿ ಇರುತ್ತೆ. ಬಸವನಹುಳ ಹಿಡಿದು ಚಿಪ್ಪಿನಿಂದ ಮಾಂಸ ತೆಗೆಯುವ ಟೂಲ್ ಅದು.

ಮೂರನೆಯದು ಉಸುಕು. ಬೇಸಿಗೆಯಲ್ಲಿ ನೀರು ಇಳಿದಾಗ ಎದ್ದು ಬರುವ ಉಸುಕಿನ ದಿಬ್ಬ ನೋಡೋಕೆ ಖಾಲಿ. ಆದರೆ ನದಿ ರೀವ ಅನ್ನೋ ಹಕ್ಕಿ ಗೂಡು ಮಾಡೋದು ಇಂಥ ಕಡೆಯೇ. ಬೂದು ಬೆನ್ನು, ಕಪ್ಪು ಟೋಪಿ, ಹಳದಿ ಕೊಕ್ಕು, ಕವಲೊಡೆದ ಬಾಲ. ಗೂಡು ಅಂದ್ರೆ ಉಸುಕಿನಲ್ಲಿ ಒಂದು ತಗ್ಗು ಅಷ್ಟೇ, ಕಡ್ಡಿ ಕಸ ಏನೂ ಇಲ್ಲ. ಮೊಟ್ಟೆಗೂ ಉಸುಕಿನದೇ ಬಣ್ಣ. ಟಿಟ್ಟಿಭವೂ ನೆಲದ ಮೇಲೇ ಮೊಟ್ಟೆ ಇಡುತ್ತೆ, ಸಾಮಾನ್ಯವಾಗಿ 4. ಬಿಸಿಲು ಜೋರಾದರೆ ನೀರಿಗೆ ಹೋಗಿ ಹೊಟ್ಟೆಯ ಪುಕ್ಕ ನೆನೆಸಿಕೊಂಡು ಬಂದು ಮೊಟ್ಟೆ ತಂಪು ಮಾಡುತ್ತೆ. ಮೇ ತಿಂಗಳಲ್ಲಿ ನಮ್ಮ ಮನೆಗಳಲ್ಲಿ ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟೋದೂ ಇದೇ ತತ್ವದ ಮೇಲೆ.

ಉಸುಕು ಮುಗಿದ ಮೇಲೆ ಎದ್ದಿರುವ ಎರೆಮಣ್ಣಿನ ದರಿ, ಅಂದರೆ ನೀರು ಕೊರೆದ ನೆಟ್ಟಗಿನ ಗೋಡೆ, ಅದನ್ನೂ ಇದೇ ವಲಯಕ್ಕೆ ಸೇರಿಸೋಣ. ಅದರಲ್ಲಿ ದುಂಡಗಿನ ತೂತು ಕಂಡರೆ ಇಲಿಯ ಬಿಲ ಅಂತ ಮುಂದೆ ಹೋಗಬೇಡಿ. ಕಳ್ಳಿಪೀರ, ಮಿಂಚುಳ್ಳಿಗಳು ಗೂಡಿಗಾಗಿ ಸುರಂಗ ಕೊರೆಯೋದು ಇಲ್ಲೇ.

ನಾಲ್ಕನೆಯದು ಜಾಲಿ ಸಾಲು. ನಮ್ಮ ನಡಿಗೆಯ ಮುಖ್ಯ ದಾರಿ ಇದೇ. ಕೆಳಗೆ ಒಣ ಎಲೆಯಲ್ಲಿ ಹರಟೆಮಲ್ಲಗಳ ಗುಂಪು ಗಲಾಟೆ ಮಾಡುತ್ತಾ ಕೆದಕುತ್ತೆ. ಪೊದೆಯೊಳಗಿಂದ ಕೆಂಬೂತ 'ಊಪ್ ಊಪ್' ಅಂತ ಕೂಗುತ್ತೆ. ಮಧ್ಯದ ಕೊಂಬೆಗಳಲ್ಲಿ ಪಿಕಳಾರ, ಸಿಂಪಿಗ. ಮೇಲೆ ಕಾಜಾಣ. ಪೊಟರೆ ಇದ್ದರೆ ಹಾಲಕ್ಕಿ, ಚಂದ್ರಮುಕುಟ. ನೀರಿನ ಮೇಲೆ ಬಾಗಿದ ಕೊಂಬೆಯಲ್ಲಿ ಗೀಜಗನ ಗೂಡುಗಳು ತೂಗುತ್ತವೆ. ಮುಳ್ಳಿನ ಗಿಡ, ಕೆಳಗೆ ನೀರು, ಗೂಡಿನ ಬಾಗಿಲು ಕೆಳಮುಖ. ಹಾವಿಗೆ ಮೂರು ಕಡೆಯಿಂದ ತಡೆ. ಬಹುಪಾಲು ಗೂಡುಗಳು ಗಿಡದ ಪೂರ್ವಕ್ಕೆ ಇರ್ತವೆ, ಯಾಕಂದ್ರೆ ನೈಋತ್ಯ ಮುಂಗಾರಿನ ಗಾಳಿ ಹೊಡೆಯೋದು ಆ ಕಡೆಯಿಂದ ಅಲ್ಲ. ಗಂಡು ಗೂಡನ್ನು ಅರ್ಧ ಕಟ್ಟಿ ನಿಲ್ಲಿಸುತ್ತೆ, ಹೆಣ್ಣು ಬಂದು ಒಳಗೆ ನೋಡಿ ಒಪ್ಪಿದರೆ ಮಾತ್ರ ಉಳಿದರ್ಧ. ನಮ್ಮ ಪ್ರಾಜೆಕ್ಟ್ ರಿವ್ಯೂ ಇದ್ದ ಹಾಗೆ!

ಐದನೆಯದು ಹೊಲದ ಅಂಚು. ಕರೆಂಟಿನ ತಂತಿ ಮೇಲೆ ನಮ್ಮ ರಾಜ್ಯಪಕ್ಷಿ ನೀಲಕಂಠ. ಕೂತಾಗ ಮಣ್ಣು ಬಣ್ಣ, ಹಾರಿದರೆ ನೀಲಿ ಕಿಡಿ. ಒಡ್ಡಿನ ಮೇಲೆ ಗೌಜಲು, ಬೆಳವ. ಜೋಳಕ್ಕೆ ತೆನೆ ಬಂದ ಮೇಲೆ ಗುಲಾಬಿ ಕಬ್ಬಕ್ಕಿಗಳು ನೂರು ಸಾವಿರದ ಲೆಕ್ಕದಲ್ಲಿ ಇಳಿಯುತ್ತವೆ. ಮಧ್ಯ ಏಷ್ಯಾ, ಪೂರ್ವ ಯುರೋಪಿನ ಹುಲ್ಲುಗಾವಲಿನಲ್ಲಿ ಮರಿ ಮಾಡಿ, ಚಳಿಗಾಲ ಕಳೆಯೋಕೆ ನಮ್ಮ ಜೋಳದ ಸೀಮೆಗೆ ಬರುವ ಹಕ್ಕಿ ಇದು. ಹೊಲದಲ್ಲಿ ಅಟ್ಟ ಕಟ್ಟಿ, ಕವಣೆ ಬೀಸಿ, ಡಬ್ಬಿ ಬಾರಿಸಿ ಓಡಿಸೋದು ನಮ್ಮ ಅಪ್ಪ, ಕಾಕಾರ ಕೆಲಸ. ಇದೇ ಹಕ್ಕಿ ಮಿಡತೆಗಳನ್ನೂ ಗುಂಪಾಗಿ ತಿನ್ನುತ್ತೆ ಅನ್ನೋದನ್ನೂ ಜೊತೆಗೇ ಹೇಳಬೇಕು. ಸಂಜೆ ಇವು ಮಲಗೋಕೆ ಹೋಗೋದು ಮತ್ತೆ ಅದೇ ಜಾಲಿಗೆ.

ನಾಲ್ಕು ತಾಲ್ಲೂಕು, ನಾಲ್ಕು ನಡಿಗೆ

ಇಂಡಿ ಕಡೆಯವರು ಅಗರಖೇಡದಂಥ ಭೀಮಾತೀರದ ಊರುಗಳಿಂದ ಶುರು ಮಾಡಬಹುದು. ಇಲ್ಲಿಯ ವಿಶೇಷ ಲಿಂಬೆ ತೋಟ. ಜಿಐ ಟ್ಯಾಗ್ ಸಿಕ್ಕಿರುವ ಇಂಡಿ ಲಿಂಬೆ ನಿಮಗೆ ಗೊತ್ತೇ ಇದೆ. ಹಕ್ಕಿಗೆ ತೋಟ ಅಂದ್ರೆ ಜಾಲಿ ಸಾಲಿಗೆ ಅಂಟಿಕೊಂಡ ಇನ್ನೊಂದು ಪೊದೆ. ಲಿಂಬೆ ಎಲೆ ಮೇಲಿನ ಚಿಟ್ಟೆ ಹುಳ ಸಿಂಪಿಗನಿಗೆ ಊಟ, ಹೂ ಸೂರಕ್ಕಿಗೆ. ತೋಟದವರನ್ನು ಕೇಳಿಯೇ ಒಳಗೆ ಹೋಗಬೇಕು. ಕೇಳಿದರೆ ಯಾರೂ ಇಲ್ಲ ಅನ್ನಲ್ಲ, ಒಂದು ಚಾ ಕುಡಿಸದೆ ಬಿಡೋದೂ ಇಲ್ಲ.

ಸಿಂದಗಿ ಕಡೆಯವರಿಗೆ ದೇವಣಗಾಂವ. ಹಳೆಯ ಸಿಂದಗಿ ತಾಲ್ಲೂಕಿನ ಊರು, ಈಗ ಆಲಮೇಲ ತಾಲ್ಲೂಕಿನದು. ಭೀಮೆ ದಾಟಿ ಅಫಜಲಪುರಕ್ಕೆ ಹೋಗುವ ಸೇತುವೆ ಇಲ್ಲಿದೆ. ಹೊಳೆಯ ಮೇಲಿನ ಇಂಥ ಸೇತುವೆಗಳ ಹೊಟ್ಟೆ ಭಾಗವನ್ನು ಕೆಳಗಿನಿಂದ ನೋಡುವ ಅಭ್ಯಾಸ ಮಾಡಿಕೊಳ್ಳಿ. ಕವಲುತೋಕೆಗಳು ಕೆಸರಿನ ಸಣ್ಣ ಉಂಡೆಗಳನ್ನು ಒಂದೊಂದಾಗಿ ತಂದು ಕಾಂಕ್ರೀಟಿಗೆ ಅಂಟಿಸಿ ಗೂಡು ಕಟ್ಟೋದು ಅಲ್ಲೇ. ದಡದಲ್ಲಿ ನಡೆಯುವಾಗ ಭೀಮೆಯ ಸ್ವಭಾವ ನೆನಪಿರಲಿ. ಮೇಲೆ ಮಹಾರಾಷ್ಟ್ರದಲ್ಲಿ ಉಜನಿ ಡ್ಯಾಮ್ ಇದೆ. ಅಲ್ಲಿಂದ ನೀರು ಬಿಟ್ಟರೆ ಹೊಳೆ, ಬಿಡದಿದ್ದರೆ ಬೇಸಿಗೆಯಲ್ಲಿ ಬರೀ ಮಡುಗಳು. ಮಡು ಕಡಿಮೆಯಾದಷ್ಟೂ ಮೀನು ಒಂದೇ ಕಡೆ ಸೇರುತ್ತೆ, ಬೆಳ್ಳಕ್ಕಿ, ಕೊಕ್ಕರೆ, ಕೆಂಬರಲು ಎಲ್ಲ ಅದರ ಸುತ್ತ ಸೇರ್ತವೆ.

ಬಸವನ ಬಾಗೇವಾಡಿ ಕಡೆಯವರಿಗೆ ಆಲಮಟ್ಟಿ. ಮೊದಲು ಇದೇ ತಾಲ್ಲೂಕಿನಲ್ಲಿತ್ತು, ಈಗ ನಿಡಗುಂದಿ ತಾಲ್ಲೂಕು. ಎಲ್ಲರೂ ಉದ್ಯಾನ, ಸಂಗೀತ ಕಾರಂಜಿ ನೋಡಿ ವಾಪಸ್ ಬರ್ತಾರೆ. ಹಕ್ಕಿ ಇರೋದು ಹಿನ್ನೀರಿನ ಅಂಚಿನಲ್ಲಿ, ಅರಣ್ಯ ಇಲಾಖೆ ಬೆಳೆಸಿದ ನೆಡುತೋಪು ನೀರಿಗೆ ಸೇರುವ ಕಡೆ.

ಮುದ್ದೇಬಿಹಾಳ ಕಡೆಯವರಿಗೆ ತಂಗಡಗಿ. ನೀಲಮ್ಮನ ಗುಡಿ ಇರುವ ಊರು, ಹೊಳೆಯ ಆಚೆ ದಂಡೆಗೆ ಕೂಡಲಸಂಗಮ. ಆಲಮಟ್ಟಿಯಿಂದ ಬಿಟ್ಟ ನೀರು ಕೆಳಗೆ ನಾರಾಯಣಪುರದ ಬಸವಸಾಗರದಲ್ಲಿ ನಿಲ್ಲೋದರಿಂದ ಇಲ್ಲಿ ನೀರು ಅಗಲವಾಗಿ, ಶಾಂತವಾಗಿ ಇರುತ್ತೆ. ಗರುಡ, ನದಿ ರೀವ, ನೀರುಕಾಗೆ ನೋಡೋಕೆ ಗುಡಿಯ ಹತ್ತಿರದ ಮೆಟ್ಟಿಲು ಮೇಲೆ ಸುಮ್ಮನೆ ಒಂದು ತಾಸು ಕೂತರೂ ಸಾಕು.

ಗೇಟು ಯಾರದ್ದು, ಹಕ್ಕಿ ಯಾರದ್ದು?

ಎಂಜಿನಿಯರಿಂಗ್ ಮತ್ತು ಹಕ್ಕಿ ನೇರವಾಗಿ ಭೇಟಿಯಾಗೋದು ಆಲಮಟ್ಟಿಯಲ್ಲಿ. 1964ರ ಮೇ 22ರಂದು, ಇನ್ನೂ ಪ್ರಧಾನಿ ಆಗಿರದ ಲಾಲ್ ಬಹಾದ್ದೂರ್ ಶಾಸ್ತ್ರಿ ಇದಕ್ಕೆ ಅಡಿಗಲ್ಲು ಹಾಕಿದರು. ಇವತ್ತು 26 ಗೇಟುಗಳು, ಪೂರ್ಣ ಮಟ್ಟ 519.60 ಮೀಟರ್, ಆ ಮಟ್ಟದಲ್ಲಿ 123.08 ಟಿಎಂಸಿ ನೀರು. ಮಳೆಗಾಲದಲ್ಲಿ ತುಂಬುತ್ತೆ, ಆಮೇಲೆ ಕಾಲುವೆಗೆ, ಕುಡಿಯೋಕೆ, ಕರೆಂಟಿಗೆ ಅಂತ ಬೇಸಿಗೆವರೆಗೆ ಇಳೀತಾ ಹೋಗುತ್ತೆ.

ಈಗ ಒಂದು ಸಣ್ಣ ಲೆಕ್ಕ. ದಡದ ಇಳಿಜಾರು 200ಕ್ಕೆ 1 ಅಂತ ಇಟ್ಟುಕೊಳ್ಳಿ. ಮಟ್ಟ 1 ಮೀಟರ್ ಇಳಿದರೆ 200 ಮೀಟರ್ ಅಗಲದ ಕೆಸರು ಹೊರಗೆ ಬರುತ್ತೆ. ನಮ್ಮ ಎರೆಭೂಮಿ ಇಷ್ಟು ಸಪಾಟಾಗಿರೋದರಿಂದಲೇ ಹಿನ್ನೀರಿನ ಅಂಚು ದಿನದಿನಕ್ಕೂ ಸರಿಯುತ್ತಾ ಹೋಗುತ್ತೆ. ಹೊಸದಾಗಿ ತೆರೆದ ಆ ಒದ್ದೆ ಕೆಸರು, ಅದರ ಪಕ್ಕದ ಮೊಣಕಾಲು ನೀರು, ಇದೇ ವಲಸೆ ಹಕ್ಕಿಗಳ ಊಟದ ತಟ್ಟೆ. ರಾಜಹಂಸಗಳು ಕೆಲವು ವರ್ಷ ಆಲಮಟ್ಟಿ ಹಿನ್ನೀರಿಗೆ ಬಂದು ಇಳಿಯೋದು ಈ ಕಾರಣಕ್ಕೆ. ತಲೆ ಕೆಳಗೆ ಮಾಡಿ, ಬಾಗಿದ ಕೊಕ್ಕಿನಿಂದ ನೀರು ಸೋಸಿ ತಿನ್ನುವ ಹಕ್ಕಿಗೆ ಆಳ ನೀರಿನಲ್ಲಿ ಕೆಲಸವಿಲ್ಲ. ಉಜನಿ ಹಿನ್ನೀರಿನ ಭಿಗವಣದಲ್ಲಿ ಅವು ಪ್ರಸಿದ್ಧವಾಗಿರೋದೂ ಇದೇ ಕಾರಣಕ್ಕೆ. ಹಾಗಾಗಿ "ರಾಜಹಂಸ ಬಂದಿದೆಯಾ?" ಅಂತ ಕೇಳುವ ಮುಂಚೆ "ಡ್ಯಾಮಿನ ಮಟ್ಟ ಎಷ್ಟಿದೆ?" ಅಂತ ಪೇಪರ್‌ನಲ್ಲಿ ನೋಡಿಕೊಳ್ಳಿ.

ಆಲಮಟ್ಟಿಯ ಮಟ್ಟವನ್ನು 524.256 ಮೀಟರಿಗೆ ಏರಿಸುವ ಮಾತು ವರ್ಷಗಳಿಂದ ನಡೆದಿದೆ. ನಮ್ಮ ಹೊಲಗಳಿಗೆ ನೀರು ಬೇಕು, ಅದರಲ್ಲಿ ಎರಡು ಮಾತಿಲ್ಲ. ನಾವು ಹೇಳೋದು ಇಷ್ಟೇ: ಮೇಲಿನ ಲೆಕ್ಕ ಮತ್ತೊಮ್ಮೆ ಮಾಡಿ ನೋಡಿದರೆ, ಅಂಚು ಎಷ್ಟು ದೂರ ಸರಿಯುತ್ತೆ, ಈಗಿನ ಜಾಲಿ ಸಾಲು ಎಲ್ಲಿ ಹೋಗುತ್ತೆ ಅಂತ ಗೊತ್ತಾಗುತ್ತೆ. ಹೊಸ ಅಂಚಿನಲ್ಲಿ ಹೊಸ ಸಾಲು ಬೆಳೆಸುವ ಯೋಚನೆಯನ್ನು ಮೊದಲೇ ಮಾಡಬೇಕಾಗುತ್ತೆ, ಗಿಡ ದೊಡ್ಡದಾಗೋಕೆ ವರ್ಷಗಳು ಬೇಕು.

ಹಬ್ಬ ನೋಡಿ ಹಕ್ಕಿ ನೋಡಿ

ಸೆಮಿಸ್ಟರ್ ಕ್ಯಾಲೆಂಡರ್ ಹಕ್ಕಿಗಳಿಗೆ ಹೊಂದಲ್ಲ, ನಮ್ಮ ಊರಿನ ಹಬ್ಬದ ಕ್ಯಾಲೆಂಡರ್ ಚೆನ್ನಾಗಿ ಹೊಂದುತ್ತೆ. ಕಾರಹುಣ್ಣಿಮೆ ಹೊತ್ತಿಗೆ ಮುಂಗಾರಿನ ಜೊತೆ ಚಾತಕ ಬರುತ್ತೆ. ಕಪ್ಪು ಬಿಳಿ ಮೈ, ತಲೆ ಮೇಲೆ ಜುಟ್ಟು. ಬಂದು ಹರಟೆಮಲ್ಲನ ಗೂಡಿನಲ್ಲಿ ಮೊಟ್ಟೆ ಇಡುತ್ತೆ. ಗೀಜಗ ಕೆಲಸ ಶುರು ಮಾಡೋದೂ ಆಗಲೇ. ದಸರಾದಿಂದ ದೀಪಾವಳಿಗೆ ಉತ್ತರದ ವಲಸೆ ಹಕ್ಕಿಗಳು ಬರ್ತಾ ಇರ್ತವೆ.

ಎಳ್ಳ ಅಮಾವಾಸ್ಯೆಗೆ ಎಲ್ಲರೂ ಊರಿಗೆ ಬಂದಿರ್ತೀವಿ. ಸಜ್ಜಿ ರೊಟ್ಟಿ, ಕಡುಬು, ಭಜ್ಜಿಪಲ್ಯೆ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವ ದಿನ. ಚಳಿಗಾಲದ ಹಕ್ಕಿ ನೋಡೋಕೆ ಅದೇ ಒಳ್ಳೆ ಹೊತ್ತು. ಊಟ ಆದ ಮೇಲೆ ಮಲಗೋದು ಬಿಟ್ಟು ಹೊಳೆಯ ಕಡೆ ನಡೀರಿ. ಕಿತ್ತಳೆ ಮಿಶ್ರಿತ ಕಂದು ಬಣ್ಣದ ಜೋಡಿ ಬಾತುಗಳು ಕಂಡರೆ ಅದೇ ಚಕ್ರವಾಕ, ಹಳಗನ್ನಡದ ಜಕ್ಕವಕ್ಕಿ. ರಾತ್ರಿ ಅಗಲಿ ಹಗಲು ಕೂಡುತ್ತವೆ ಅಂತ ಕವಿಗಳು ಬರೆದ ಜೋಡಿ. ಪರೀಕ್ಷೆಗೆ ಪದ್ಯದ ಸಾರಾಂಶ ಬಾಯಿಪಾಠ ಮಾಡಿದವರು ಆ ಹಕ್ಕಿ ಲಡಾಖ್, ಟಿಬೆಟ್ ಕಡೆಯಿಂದ ನಮ್ಮ ಹೊಳೆಗೆ ಬರುತ್ತೆ ಅಂತ ಅಂದುಕೊಂಡಿರಲ್ಲ. ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತು ನೋಡಬೇಕಂದ್ರೆ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗಬಹುದು. 2024ರಲ್ಲಿ ಅದಕ್ಕೆ ರಾಮ್ಸಾರ್ ಮಾನ್ಯತೆ ಸಿಕ್ಕಿದೆ.

ಯುಗಾದಿ ಕಳೆದ ಮೇಲೆ ಉಸುಕಿನ ಗೂಡುಗಳ ಕಾಲ. ಆಗ ದೂರದಿಂದ ನೋಡಿ ವಾಪಸ್ ಬರಬೇಕು.

ಹೊರಡುವ ಮುನ್ನ

ಬೆಳಕಿನ ದಿಕ್ಕು ಮೊದಲು. ನಮ್ಮ ಜಿಲ್ಲೆ ಭೀಮೆಯ ದಕ್ಷಿಣಕ್ಕಿದೆ. ಅಂದ್ರೆ ನಾವು ನೀರಿನ ಕಡೆ ತಿರುಗಿದರೆ ಹೆಚ್ಚಾಗಿ ಮುಖ ಉತ್ತರಕ್ಕೆ, ಸೂರ್ಯ ಬೆನ್ನ ಕಡೆ. ಹಕ್ಕಿಯ ಬಣ್ಣ ಸ್ಪಷ್ಟವಾಗಿ ಕಾಣುತ್ತೆ. ಕೃಷ್ಣೆಯ ದಂಡೆಯಲ್ಲಿ ಇದು ಉಲ್ಟಾ. ಮುಖ ದಕ್ಷಿಣಕ್ಕೆ, ಚಳಿಗಾಲದ ಸೂರ್ಯ ಕಣ್ಣಿಗೆ, ಹಕ್ಕಿ ಎಲ್ಲ ಕಪ್ಪು ನೆರಳು. ಹಾಗಾಗಿ ಕೃಷ್ಣೆಗೆ ಹೋಗೋದಾದ್ರೆ ಸೂರ್ಯ ಏಳುವ ಮೊದಲೇ ಹೋಗಿ, 8ರ ಹೊತ್ತಿಗೆ ನೀರು ಬಿಟ್ಟು ಜಾಲಿ ಸಾಲಿನ ಕಡೆ ತಿರುಗಿ.

ಬೈನಾಕ್ಯುಲರ್ ಕೊಳ್ಳೋದಾದ್ರೆ 8×42 ಅಂತ ಬರೆದಿರೋದು ನೋಡಿ. 8 ಅಂದ್ರೆ ಎಷ್ಟು ಪಟ್ಟು ಹತ್ತಿರ, 42 ಅಂದ್ರೆ ಮುಂದಿನ ಲೆನ್ಸಿನ ವ್ಯಾಸ ಮಿಲಿಮೀಟರಿನಲ್ಲಿ. 42ನ್ನು 8ರಿಂದ ಭಾಗಿಸಿದರೆ 5.25. ಕಣ್ಣಿಗೆ ಬರುವ ಬೆಳಕಿನ ಕಂಬದ ಅಗಲ ಅದು. ಮುಂಜಾನೆಯ ಮಬ್ಬಿನಲ್ಲಿ ಇದು ದೊಡ್ಡದಿದ್ದಷ್ಟೂ ಒಳ್ಳೆಯದು. ನಾಲ್ವರ ಮಧ್ಯೆ ಒಂದಿದ್ದರೂ ನಡೆಯುತ್ತೆ, ನಮ್ಮದೂ ಹಾಗೇ ನಡೀತಿದೆ. ಸದ್ದು ಗುರುತಿಸೋಕೆ ಮರ್ಲಿನ್ ಆ್ಯಪ್ ಇದೆ. ಆದರೆ ಅದು ಹೇಳಿದ್ದನ್ನು ಕಣ್ಣಿಂದ ನೋಡಿ ಖಾತ್ರಿ ಮಾಡಿಕೊಂಡ ಮೇಲೇ ಬರೆಯಿರಿ. ಪುಸ್ತಕ ಬೇಕಂದ್ರೆ ತೇಜಸ್ವಿಯವರ 'ಹಕ್ಕಿ ಪುಕ್ಕ' ಲೈಬ್ರರಿಯಲ್ಲಿ ಕೇಳಿ.

ಕೃಷ್ಣೆಯಲ್ಲೂ ಭೀಮೆಯಲ್ಲೂ ಮೊಸಳೆ ಇವೆ, ತಮಾಷೆ ಅಲ್ಲ. ನೀರಿನ ಅಂಚಿನಿಂದ ದೂರ ನಡೆಯಿರಿ. ಉಸುಕು ತೆಗೆದ ಗುಂಡಿಗಳು ನೀರು ತುಂಬಿದ ಮೇಲೆ ಆಳ ತಿಳಿಯಲ್ಲ, ಒಬ್ಬರೇ ಇಳಿಯಬೇಡಿ. ಗೂಡಿನ ಹತ್ತಿರ ಫೋಟೋಗೆ ಹೋಗಬೇಡಿ. ತಾಯಿ ಹಕ್ಕಿ ಎದ್ದು ಹೋದರೆ ಮೇ ತಿಂಗಳ ಬಿಸಿಲಿಗೆ ಬಿದ್ದ ಮೊಟ್ಟೆಗೆ ಹೆಚ್ಚು ಹೊತ್ತು ಇರಲ್ಲ. ಮೊಬೈಲ್‌ನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯೋದೂ ಬೇಡ. ಸಂರಕ್ಷಿತ ಹಕ್ಕಿಗಳ ಮೊಟ್ಟೆ, ಗೂಡು ಹಾಳು ಮಾಡೋದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ.

ಹೆಸರು ಯಾರ ಹತ್ತಿರ ಇದೆ?

ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಹಕ್ಕಿಗಳ ಕನ್ನಡ ಹೆಸರು ಗೊತ್ತಿದ್ದದ್ದು ಹತ್ತೋ ಹನ್ನೆರಡೋ. ಉಳಿದ ಹೆಸರು ಕಲಿತಿದ್ದು ಪುಸ್ತಕದಿಂದ ಸ್ವಲ್ಪ, ಹೊಲದಲ್ಲಿ ಸಿಕ್ಕವರಿಂದ ಹೆಚ್ಚು. "ಏನ್ ನೋಡಾಕತ್ತೀರಿ ತಮ್ಮಾ, ಗಿಡದಾಗ?" ಅಂತ ಕೇಳುತ್ತಾ ಬರ್ತಾರೆ. ಪೊಟರೆಯಲ್ಲಿ ಕೂತ ಪುಟ್ಟ ಗೂಬೆ ತೋರಿಸಿ "ಇದಕ್ಕ ಏನಂತೀರಿ ಕಾಕಾ?" ಅಂದರೆ ಉತ್ತರ ತಯಾರಿರುತ್ತೆ: "ಅದು ಹಾಲಕ್ಕಿ ಅಲ್ಲೇನ್? ಬುಡಬುಡಿಕ್ಯಾಂವ ಬಂದು ಹಾಲಕ್ಕಿ ನುಡದೈತಿ ಅಂತಾನಲ್ಲ, ಅದ."

ಆ ಮೇಲೆ ಮಾತು ತಾನಾಗಿ ಮುಂದೆ ಹೋಗುತ್ತೆ. ಯಾವ ಹಕ್ಕಿ ಈಗ ಕಾಣಲ್ಲ, ಯಾವುದು ಡ್ಯಾಮ್ ಆದ ಮೇಲೆ ಹೆಚ್ಚಾಯ್ತು, ಹೊಳೆಯ ಈ ತಿರುವಿನಲ್ಲಿ ಮೊದಲು ಎಷ್ಟು ಜಾಲಿ ಇದ್ದವು. ಯಾವ ಆ್ಯಪಿನಲ್ಲೂ ಇಲ್ಲದ ಮಾಹಿತಿ ಇದು. ಕೇಳಿಸಿಕೊಂಡು ಊರಿನ ಹೆಸರು, ಹೇಳಿದವರ ಅಂದಾಜು ವಯಸ್ಸು, ಹಕ್ಕಿಯ ಹೆಸರು ಬರೆದಿಡಿ. ಒಂದೇ ಹಕ್ಕಿಗೆ ಇಂಡಿಯಲ್ಲಿ ಒಂದು ಹೆಸರು, ಮುದ್ದೇಬಿಹಾಳದಲ್ಲಿ ಇನ್ನೊಂದು ಇರಬಹುದು. ಎರಡೂ ಇರಲಿ.

ಪಟ್ಟಿ ಇಲ್ಲದ ಜಾಗ ಖಾಲಿ ಜಾಗ

ನಡಿಗೆ ಮುಗಿದ ಮೇಲೆ ಇ-ಬರ್ಡ್‌ಗೆ ಪಟ್ಟಿ ಹಾಕೋದು 5 ನಿಮಿಷದ ಕೆಲಸ. ಎಷ್ಟು ಹೊತ್ತಿಗೆ ಶುರು, ಎಷ್ಟು ನಿಮಿಷ, ಎಷ್ಟು ದೂರ, ಯಾವ ಹಕ್ಕಿ, ಎಷ್ಟು. ಸಮಯ ಮತ್ತು ದೂರ ಬರೆಯದ ಪಟ್ಟಿ ಯೂನಿಟ್ ಇಲ್ಲದ ಉತ್ತರದ ಹಾಗೆ, ಮಾರ್ಕ್ಸ್ ಬರಲ್ಲ. ಕಾಗೆ, ಗುಬ್ಬಿ ಬಿಡದೆ ಬರೆಯಬೇಕು. ಇವತ್ತಿನ ಸಾಮಾನ್ಯ ಹಕ್ಕಿ ನಾಳೆಯೂ ಸಾಮಾನ್ಯವಾಗೇ ಇರುತ್ತೆ ಅನ್ನೋಕೆ ಆಗಲ್ಲ. ಬೆಂಗಳೂರು, ಮೈಸೂರಿನ ಕೆರೆಗಳಿಂದ ಬರುವಷ್ಟು ಪಟ್ಟಿ ನಮ್ಮ ಹೊಳೆದಂಡೆಗಳಿಂದ ಬರಲ್ಲ.

ಇದರಿಂದ ಏನು ನಷ್ಟ ಅಂತ ಕೇಳಬಹುದು. ದೊಡ್ಡ ಯೋಜನೆಗಳಿಗೆ 2006ರ ಅಧಿಸೂಚನೆ ಪ್ರಕಾರ ಪರಿಸರ ಪರಿಣಾಮದ ವರದಿ ಬೇಕು. ಅದರಲ್ಲಿ ಆ ಜಾಗದಲ್ಲಿ ಯಾವ ಗಿಡ, ಯಾವ ಪ್ರಾಣಿ, ಯಾವ ಹಕ್ಕಿ ಇವೆ ಅನ್ನೋ ಭಾಗ ಇರುತ್ತೆ. ಮೇ ತಿಂಗಳಲ್ಲಿ ಮಾತ್ರ ನೋಡಿದವರಿಗೆ ಚಕ್ರವಾಕ ಕಾಣಲ್ಲ. ಜನವರಿಯಲ್ಲಿ ಮಾತ್ರ ನೋಡಿದವರಿಗೆ ರೀವದ ಗೂಡು ಕಾಣಲ್ಲ. ವರ್ಷಪೂರ್ತಿ ಬರೆದ ಪಟ್ಟಿ ಇರದಿದ್ದರೆ 'ವಿಶೇಷ ಪಕ್ಷಿಗಳಿಲ್ಲ' ಅಂತ ಒಂದೇ ಸಾಲಿನಲ್ಲಿ ಮುಗಿದು ಹೋಗುತ್ತೆ.

ಉಸುಕಿನ ವಿಷಯದಲ್ಲೂ ಹೀಗೇ. ಮಳೆಗಾಲದಲ್ಲಿ ನದಿಯಿಂದ ಉಸುಕು ತೆಗೆಯಬಾರದು ಅಂತ ಕೇಂದ್ರದ 2016ರ ಮಾರ್ಗಸೂಚಿ ಹೇಳುತ್ತೆ. ಆದರೆ ನದಿ ರೀವ ಮೊಟ್ಟೆ ಇಡೋದು ಬೇಸಿಗೆಯಲ್ಲಿ, ಟ್ರ್ಯಾಕ್ಟರ್‌ಗಳು ಹೊಳೆಗೆ ಇಳಿಯುವ ಕಾಲದಲ್ಲೇ. 2020ರಿಂದ ಐಯುಸಿಎನ್ ಕೆಂಪು ಪಟ್ಟಿಯಲ್ಲಿ 'ವಲ್ನರಬಲ್' ಗುಂಪಿಗೆ ಸೇರಿರುವ ಹಕ್ಕಿ ಅದು. ಯಾವ ದಿಬ್ಬದಲ್ಲಿ ಗೂಡಿದೆ ಅಂತ ದಾಖಲೆ ಇದ್ದರೆ ಆ ಒಂದು ದಿಬ್ಬವನ್ನು ಎರಡು ತಿಂಗಳು ಬಿಡಿ ಅಂತ ಕೇಳಬಹುದು. ದಾಖಲೆ ಇಲ್ಲದಿದ್ದರೆ ಕೇಳೋಕೂ ಬಾಯಿಲ್ಲ. (ಗೂಡಿನ ಜಾಗವನ್ನು ಸ್ಟೇಟಸ್‌ಗೆ ಹಾಕಬೇಡಿ, ಅರಣ್ಯ ಇಲಾಖೆಯವರಿಗೆ ತಿಳಿಸಿ.)

ನಾಳೆ ಬ್ಯಾರೇಜು, ಸೇತುವೆ, ಪೈಪ್‌ಲೈನ್ ಡ್ರಾಯಿಂಗ್‌ಗಳಿಗೆ ಸಹಿ ಹಾಕುವವರು ನಮ್ಮ ಕ್ಲಾಸುಗಳಲ್ಲೇ ಕೂತಿದ್ದಾರೆ. ಒಂದು ಸೈಟ್ ಆಫೀಸಿಗೆ ಜಾಗ ಬೇಕಾದಾಗ ಜಾಲಿ ಸಾಲು ಕಡಿಯಬೇಕೋ, 50 ಮೀಟರ್ ಆಚೆ ಸರಿಯಬೇಕೋ ಅನ್ನೋ ತೀರ್ಮಾನ ತಗೋಳ್ಳೋರೂ ಅವರೇ. ಆ ಸಾಲಿನಲ್ಲಿ ಯಾರು ಇದ್ದಾರೆ ಅಂತ ಗೊತ್ತಿದ್ದವರು ಬೇರೆ ಥರ ತೀರ್ಮಾನ ಮಾಡಬಹುದು ಅನ್ನೋದು ನಮ್ಮ ನಂಬಿಕೆ.

ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ಕ್ಯಾಂಪಸ್ ಹಕ್ಕಿ ಗಣತಿ ನಡೆಯುತ್ತೆ. ನಮ್ಮ ಕ್ಯಾಂಪಸ್‌ನಲ್ಲೂ ಮಾಡೋಣ, ಕನ್ನಡ ಸಂಘದ ನೋಟಿಸ್ ಬೋರ್ಡಿನಲ್ಲಿ ಹೆಸರು ಬರೆಯೋಕೆ ಒಂದು ಹಾಳೆ ಅಂಟಿಸಿದ್ದೇವೆ. ಅದಕ್ಕೂ ಮೊದಲು ಎಳ್ಳ ಅಮಾವಾಸ್ಯೆ ಬರುತ್ತೆ. ಹೊಳೆ ಹತ್ತಿರದ ಊರಿನವರು ನಿಮ್ಮ ನಿಮ್ಮ ದಂಡೆಯಲ್ಲಿ ಒಂದು ತಾಸು ನಡೆದು ಒಂದು ಪಟ್ಟಿ ತನ್ನಿ. ಬೈನಾಕ್ಯುಲರ್ ಬೇಕಿದ್ದರೆ ನಮ್ಮದು ಕೊಡ್ತೀವಿ, ಸೋಮವಾರ ವಾಪಸ್ ಕೊಟ್ಟರಾಯ್ತು.